ಹಬ್ಬಕ್ಕೆ ಊರಿಗೆ ಹೋಗಲಾಗದವರು

"ಅವ್ರು ಏನ್ ತಪ್ಪು ಮಾಡಿದ್ರು ಮಿಸ್?"

ಮುಕ್ಕಾಲು ಗಂಟೆ ಮಾತಾಡಿ, ಗೋಡೆಗೆ ಅಂಟಿಸಿದ್ದ ಏಷ್ಯಾದ ನಕ್ಷೆಯನ್ನು ಸುತ್ತಿಡುತ್ತಾ, ಏನಾದರೂ ಕೇಳುವುದಿದೆಯೇ ಎಂದಾಗ ಬಂದ ಮೊದಲ ಪ್ರಶ್ನೆ ಇದು. ಕೇಳಿದವನು ಆಗಷ್ಟೇ ಎರಡನೇ ತರಗತಿ ಮುಗಿಸಿದ್ದ ಹುಡುಗ. ನನಗೆ ಉತ್ತರ ಹೊಳೆಯಲಿಲ್ಲ. "ಏನೂ ತಪ್ಪು ಮಾಡಿರ್ಲಿಲ್ಲ" ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. "ಮತ್ಯಾಕೆ ಹೊರಗೆ ಹಾಕಿದ್ರು?"

ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ನನ್ನ ಚಿಕ್ಕಮ್ಮ ಮೇಲ್ವಿಚಾರಕಿ. ಏಪ್ರಿಲ್ ರಜೆಯಲ್ಲಿ ಅವರು ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸುತ್ತಾರೆ. ಹಾಡು, ಚಿತ್ರ, ಓದು, ಕೊನೆಯ ದಿನ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಒಂದು ಸುತ್ತು. ನಾನು ನಾಲ್ಕು ವರ್ಷದಿಂದ ಮೈಸೂರು ರಾಜ್ಯದಲ್ಲಿ ಟಿಬೆಟನ್ನರ ಪುನರ್ವಸತಿಯ ಬಗ್ಗೆ ಪಿಎಚ್.ಡಿ. ಮಾಡುತ್ತಿರುವವಳು. "ಹೆಂಗೂ ಅದನ್ನೇ ಓದ್ತಾ ಇದ್ದೀಯಲ್ಲ, ಹೋಗೋಕೆ ಮುಂಚೆ ಮಕ್ಕಳಿಗೆ ಅವರ ವಿಷಯ ಹೇಳು ಬಾ" ಎಂದು ಚಿಕ್ಕಮ್ಮ ಕರೆದಾಗ, ಇದೇನು ದೊಡ್ಡ ಕೆಲಸ ಎಂದುಕೊಂಡೇ ಬಸ್ಸು ಹತ್ತಿದ್ದೆ. ವಿಚಾರಸಂಕಿರಣಗಳಲ್ಲಿ ಹದಿನೈದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯವಲ್ಲವೇ?

ಅದನ್ನೇ ಹೇಳಿದೆ. 1959ರ ಮಾರ್ಚ್ 10ರಂದು ಲ್ಹಾಸಾದಲ್ಲಿ ಜನ ಚೀನೀ ಸೇನೆಯ ವಿರುದ್ಧ ಎದ್ದರು. ಒಂದು ವಾರದ ನಂತರ ಇಪ್ಪತ್ಮೂರು ವರ್ಷದ ದಲೈ ಲಾಮಾ ಸೈನಿಕನ ವೇಷದಲ್ಲಿ ರಾತ್ರೋರಾತ್ರಿ ಹೊರಟು ಮಾರ್ಚ್ 31ಕ್ಕೆ ಭಾರತದ ಗಡಿ ದಾಟಿದರು. ಅವರ ಹಿಂದೆ ಸುಮಾರು 80,000 ಜನ ಬಂದರು. ನೆಹರೂ ರಾಜ್ಯಗಳಿಗೆ ಜಮೀನು ಕೊಡುವಂತೆ ಕೇಳಿದರು. ಮೈಸೂರು ಸರ್ಕಾರ ಬೈಲಕುಪ್ಪೆಯ ಹತ್ತಿರ ಸುಮಾರು 3,000 ಎಕರೆ ಕೊಟ್ಟಿತು. ಎಲ್ಲವೂ ಸರಿಯಾದ ಮಾಹಿತಿ. ಮಕ್ಕಳು ಎಚ್ಚರವಾಗಿದ್ದದ್ದು ಒಂದೇ ಕಡೆ: ದಲೈ ಲಾಮಾ ಹೊಟ್ಟೆ ಕೆಟ್ಟು, ಕುದುರೆ ಮೇಲೆ ಕೂರಲಾಗದೆ, ಜೋ ಎಂಬ ಪ್ರಾಣಿಯ ಬೆನ್ನ ಮೇಲೆ ಗಡಿ ದಾಟಿದರು ಎಂದಾಗ. ಜೋ ಎಂದರೆ ಅರ್ಧ ಯಾಕ್, ಅರ್ಧ ದನ. ಅದಕ್ಕೆ ಕೊಂಬು ಇರುತ್ತಾ, ಹಾಯುತ್ತಾ, ಹಾಲು ಕೊಡುತ್ತಾ ಎಂದು ಹತ್ತು ನಿಮಿಷ ಕೇಳಿದರು. ನಾನು ಅದನ್ನು ಅಡ್ಡದಾರಿ ಎಂದು ತಿಳಿದು, ಬೇಗ ಮುಗಿಸಿ, ಎಕರೆಯ ಲೆಕ್ಕಕ್ಕೆ ವಾಪಸ್ಸಾದೆ.

ಅಷ್ಟಕ್ಕೇ ನಿಂತಿದ್ದರೆ ಬೇಜಾರಿರಲಿಲ್ಲ. ಅವರ ನಡುವೆ ಒಬ್ಬಳು ಟಿಬೆಟನ್ ಹುಡುಗಿಯಿದ್ದಳು. ಮೂರನೇ ತರಗತಿ. ಅವಳ ತಾಯಿ ಬಸ್‌ಸ್ಟಾಪಿನ ಹತ್ತಿರ ಅಂಗಡಿ ಇಟ್ಟಿದ್ದಾರೆ. ಪಕ್ಕದ ಮನೆಯ ಗೆಳತಿಯ ಜೊತೆ ಶಿಬಿರಕ್ಕೆ ಬರುತ್ತಿದ್ದಳು. ಮಾತಿನ ಭರದಲ್ಲಿ ನಾನು, "ಇಲ್ಲೇ ಕೂತಿದ್ದಾಳಲ್ಲ, ಇವಳ ಅಜ್ಜಿ ತಾತ ಹಾಗೆ ಎಲ್ಲ ಕಳಕೊಂಡು ಬಂದವರು" ಎಂದುಬಿಟ್ಟೆ. ಇಪ್ಪತ್ತು ತಲೆಗಳು ಒಟ್ಟಿಗೆ ತಿರುಗಿದವು. ಅವಳು ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ನಾನು ಕುಶಾಲನಗರ ಆಸ್ಪತ್ರೇಲಿ ಹುಟ್ಟಿದ್ದು" ಎಂದಳು. ಆಮೇಲೆ ತಲೆ ಎತ್ತಲಿಲ್ಲ.

ಊಟದ ಹೊತ್ತಿಗೆ ಒಬ್ಬ ಹುಡುಗ ತನ್ನ ಬಿಸ್ಕತ್ತಿನ ಪೊಟ್ಟಣವನ್ನು ಅವಳ ಮುಂದೆ ಹಿಡಿದು, "ಪಾಪ, ತಗೋ" ಎಂದ. ಅವಳು, "ನಮ್ಮ ಅಂಗಡೀಲೇ ಇದೆ ಬಿಸ್ಕತ್ತು" ಎಂದು ಎದ್ದುಹೋದಳು. ಮುಕ್ಕಾಲು ಗಂಟೆಯಲ್ಲಿ ನಾನು ಕಲಿಸಿದ್ದು ಒಂದೇ ಪದ, ಪಾಪ. ಅದುವರೆಗೆ ಅವರಿಬ್ಬರೂ ಒಟ್ಟಿಗೆ ಕುಂಟಾಬಿಲ್ಲೆ ಆಡುತ್ತಿದ್ದವರು.

ಸಂಜೆ ಚಿಕ್ಕಮ್ಮ ಹೆಚ್ಚು ಬೈಯಲಿಲ್ಲ. "ಅವಳನ್ನ ಯಾಕೆ ಎತ್ತಿ ತೋರಿಸ್ದೆ? ಅವಳೇನು ನಿನ್ನ ಥೀಸಿಸ್ಸಿನ ಚಿತ್ರಾನಾ?" ಎಂದಷ್ಟೇ ಹೇಳಿ ಸೊಪ್ಪು ಸೋಸುತ್ತಾ ಕೂತರು.

ಆ ರಾತ್ರಿ ನಿದ್ದೆ ಬರಲಿಲ್ಲ. ಹುಡುಗನ ಪ್ರಶ್ನೆ ತಲೆಯಲ್ಲಿತ್ತು. ಆರೇಳು ವರ್ಷದ ಮಗುವಿನ ಲೋಕದಲ್ಲಿ ಹೊರಗೆ ಹಾಕುವುದು ತಪ್ಪು ಮಾಡಿದವರನ್ನು. ಗಲಾಟೆ ಮಾಡಿದರೆ ತರಗತಿಯಿಂದ ಹೊರಗೆ, ಸುಳ್ಳು ಹೇಳಿದರೆ ಆಟದಿಂದ ಹೊರಗೆ. ಒಂದು ಇಡೀ ದೇಶದ ಜನ ಹೊರಗೆ ಬಿದ್ದಿದ್ದಾರೆ ಎಂದರೆ ಅವರು ಏನೋ ದೊಡ್ಡ ತಪ್ಪೇ ಮಾಡಿರಬೇಕು. ದೊಡ್ಡವರೂ ಒಳಗೊಳಗೆ ಹೀಗೇ ಯೋಚಿಸುತ್ತೇವೇನೋ. ಬಾಯಿಬಿಟ್ಟು ಕೇಳುವುದಿಲ್ಲ ಅಷ್ಟೆ. ಮಗುವಿಗೆ ನಿರಾಶ್ರಿತರ ಬಗ್ಗೆ ಹೇಳಲು ಕೂತವರು ಮೊದಲು ಬಿಡಿಸಬೇಕಾದ ಗಂಟು ಇದು. ದೇಶ, ಸೇನೆ, ಗಡಿ ಎಲ್ಲ ಆಮೇಲೆ.

ಇನ್ನೊಂದು ವಿಷಯವೂ ಕುಟುಕುತ್ತಿತ್ತು. ಇಷ್ಟು ವರ್ಷ ಓದಿದ ಕಡತಗಳಲ್ಲಿ ಮಕ್ಕಳು ಎಲ್ಲಿದ್ದರು? ಜಮೀನಿನ ಅಳತೆ ಇದೆ, ಟ್ರ್ಯಾಕ್ಟರಿನ ಲೆಕ್ಕವಿದೆ, ಬಿತ್ತನೆ ಬೀಜದ ಲೆಕ್ಕವಿದೆ. ಮಕ್ಕಳು 'ಕುಟುಂಬದ ಸದಸ್ಯರು' ಎಂಬ ಅಂಕಣದಲ್ಲಿ ಒಂದು ಅಂಕಿಯಾಗಿ ಕೂತಿದ್ದಾರೆ. ನಾನು ಇನ್ನೊಂದು ವಾದದ ಬೆನ್ನು ಹತ್ತಿದ್ದೆ. ಬೈಲಕುಪ್ಪೆಯ ಜಮೀನಿಗಾಗಿ ಎಲ್ಲರೂ ನೆನೆಯುವುದು ಎಸ್. ನಿಜಲಿಂಗಪ್ಪನವರನ್ನು. ಆದರೆ ಬೈಲಕುಪ್ಪೆಯಲ್ಲಿ ನೆಲೆ ಶುರುವಾದ 1960ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ, ನಿಜಲಿಂಗಪ್ಪನವರು 1958ರಲ್ಲಿ ಇಳಿದು 1962ರಲ್ಲಿ ಮತ್ತೆ ಬಂದರು, ಮುಂಡಗೋಡಿನ ನೆಲೆ ಆದದ್ದು ಅವರ ಆ ಎರಡನೇ ಅವಧಿಯಲ್ಲಿ, 1966ರಲ್ಲಿ. ಯಾರ ಹೆಸರು ಎಷ್ಟು ಉಳಿಯಿತು ಎಂಬುದರ ಮೇಲೆ ಇಪ್ಪತ್ತು ಪುಟ ಬರೆದಿದ್ದೇನೆ. ಆ ಇಪ್ಪತ್ತು ಪುಟದಲ್ಲಿ ಒಂದು ಮಗುವೂ ಇಲ್ಲ.

ಹುಡುಕಿದರೆ ಇಲ್ಲದೆ ಇರಲಿಲ್ಲ. ಗಡಿ ದಾಟಿ ಬಂದವರನ್ನು ಮೊದಲು ಇಟ್ಟದ್ದು ಅಸ್ಸಾಮಿನ ಮಿಸ್ಸಮಾರಿ ಮತ್ತು ಬಂಗಾಳದ ಬಕ್ಸಾ ದುವಾರ್ ಶಿಬಿರಗಳಲ್ಲಿ. ಬಕ್ಸಾ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ. ಅಲ್ಲಿಗೆ ಕಳಿಸಿದ್ದು ಹೆಚ್ಚಾಗಿ ಸನ್ಯಾಸಿಗಳನ್ನು. ಸೆಕೆ, ಹೊಸ ನೀರು, ಕ್ಷಯ ಅನೇಕರನ್ನು ಕೊಂಡೊಯ್ದವು. ತಂಪಿನ ಜಾಗವಾದರೆ ಬದುಕಿಕೊಂಡಾರು ಎಂದು ಸಾವಿರಾರು ಜನರನ್ನು ಹಿಮಾಲಯದ ರಸ್ತೆ ಕೆಲಸಕ್ಕೆ ಕಳಿಸಿದರು. ಅಪ್ಪ ಅಮ್ಮ ಕಲ್ಲು ಒಡೆಯುವಾಗ ಮಕ್ಕಳು ರಸ್ತೆ ಬದಿಯಲ್ಲಿ. 1960ರ ಮೇ 17ರಂದು ಜಮ್ಮುವಿನ ರಸ್ತೆ ಶಿಬಿರಗಳಿಂದ 51 ಮಕ್ಕಳು ಧರ್ಮಶಾಲೆಗೆ ಬಂದರು. ಕಾಯಿಲೆ ಬಿದ್ದವರು, ಹೊಟ್ಟೆಗಿಲ್ಲದೆ ಬತ್ತಿದವರು. ದಲೈ ಲಾಮಾರ ಅಕ್ಕ ತ್ಸೆರಿಂಗ್ ಡೋಲ್ಮಾ ಅವರನ್ನು ನೋಡಿಕೊಳ್ಳಲು ನಿಂತರು. 1964ರಲ್ಲಿ ಅಕ್ಕ ತೀರಿಕೊಂಡ ಮೇಲೆ ತಂಗಿ ಜೆಟ್ಸುನ್ ಪೇಮಾ ವಹಿಸಿಕೊಂಡು ನಾಲ್ಕು ದಶಕ ನಡೆಸಿದರು. ಅದೇ ಇಂದಿನ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್. ಈ 51 ಮಕ್ಕಳ ಸಂಗತಿ ನನಗೆ ಮೊದಲೇ ಗೊತ್ತಿತ್ತು. ಅಧ್ಯಾಯದಲ್ಲಿ ಅಡಿಟಿಪ್ಪಣಿಯಾಗಿ ಹಾಕಿದ್ದೆ.

ನಮ್ಮ ಪದದಲ್ಲೇ ಒಂದು ತೊಡಕಿದೆ ಎಂದೂ ಅನ್ನಿಸಿತು. ನಿರಾಶ್ರಿತ ಎಂದರೆ ಆಶ್ರಯ ಇಲ್ಲದವನು. ಇಂಗ್ಲಿಷಿನ ರೆಫ್ಯೂಜಿ ಎಂಬ ಪದದೊಳಗೆ ಆಶ್ರಯ ಹುಡುಕಿಕೊಂಡು ಹೊರಟ ಮನುಷ್ಯನಿದ್ದಾನೆ. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನಿಂದ ಓಡಿಹೋದ ಪ್ರೊಟೆಸ್ಟೆಂಟರಿಗೆ ಬಂದ ಹೆಸರದು. ನಮ್ಮ ಪದದಲ್ಲಿ ಉಳಿದಿರುವುದು ಕೊರತೆ ಮಾತ್ರ. ಅರವತ್ತು ವರ್ಷದಿಂದ ಮನೆ ಕಟ್ಟಿ, ಹೊಲ ಉತ್ತು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿ ಮಕ್ಕಳನ್ನು ಓದಿಸಿದವರನ್ನೂ ನಿರಾಶ್ರಿತರು ಎನ್ನುತ್ತೇವೆ. ಅವರ ಹಳ್ಳಿಗಳಿಗೆ ನಾವು ಇವತ್ತಿಗೂ ಹೇಳುವುದು 'ಕ್ಯಾಂಪು'. ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು. ಅವರೂ ಹಾಗೇ ಹೇಳುತ್ತಾರೆ. ಮಕ್ಕಳಿಗೆ ಕ್ಯಾಂಪ್ ಎಂದರೆ ಬಟ್ಟೆಯ ಟೆಂಟು. ಟೆಂಟು ಎಲ್ಲಿ ಎಂದು ಪ್ರವಾಸದಲ್ಲಿ ಹುಡುಕುತ್ತಾರೆ ಎಂದು ಚಿಕ್ಕಮ್ಮ ನಗುತ್ತಾರೆ. ಸಿಂಧನೂರಿನ ಕಡೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಊರುಗಳಿಗೂ ಇದೇ ಗತಿ, ಆರ್.ಎಚ್. ಕ್ಯಾಂಪು.

ಮಕ್ಕಳಿಗೆ ಹೇಳುವುದು ಹೇಗೆ ಎಂದು ಯೋಚಿಸುವಾಗ ಜುಡಿತ್ ಕೆರ್ ನೆನಪಾದರು. ಬರ್ಲಿನ್ನಿನ ಯಹೂದಿ ಮನೆತನದವರು. ಅಪ್ಪ ಆಲ್ಫ್ರೆಡ್ ಕೆರ್ ಹೆಸರಾಂತ ನಾಟಕ ವಿಮರ್ಶಕ, ನಾಜಿಗಳನ್ನು ಟೀಕಿಸಿ ಬರೆದವರು. 1933ರಲ್ಲಿ ಹಿಟ್ಲರ್ ಗೆಲ್ಲುವ ಮೊದಲೇ ಮನೆಯವರೆಲ್ಲ ದೇಶ ಬಿಟ್ಟರು. ಜುಡಿತ್‌ಗೆ ಆಗ ಒಂಬತ್ತು ವರ್ಷ. ಎಷ್ಟೋ ವರ್ಷಗಳ ಮೇಲೆ, ಲಂಡನ್ನಿನಲ್ಲಿ, ಅವರ ಮಗ 'ದ ಸೌಂಡ್ ಆಫ್ ಮ್ಯೂಸಿಕ್' ಸಿನಿಮಾ ನೋಡಿ ಬಂದು, ಅಮ್ಮ ಚಿಕ್ಕವಳಿದ್ದಾಗ ಹೇಗಿತ್ತು ಅಂತ ಈಗ ಗೊತ್ತಾಯಿತು ಎಂದನಂತೆ. ಹಾಡು ಹೇಳುತ್ತಾ ಬೆಟ್ಟ ಹತ್ತುವುದು! ಅವರು ಕೂತು ಬರೆದರು. 1971ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು 'ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ‍್ಯಾಬಿಟ್'. ಒಂದೇ ಆಟಿಕೆ ತೆಗೆದುಕೊಳ್ಳಬಹುದು ಎಂದಾಗ ಹುಡುಗಿ ಹೊಸ ಉಣ್ಣೆಯ ನಾಯಿಯನ್ನು ಆರಿಸುತ್ತಾಳೆ, ಹಳೆಯ ಗುಲಾಬಿ ಮೊಲವನ್ನು ಬಿಡುತ್ತಾಳೆ, ಆಮೇಲೆ ಪರಿತಪಿಸುತ್ತಾಳೆ. ಆರು ವರ್ಷದ ಮಗು ನಾಜಿ ಪಕ್ಷವನ್ನು ಅರ್ಥ ಮಾಡಿಕೊಳ್ಳಲಾರದು. ಬಿಟ್ಟುಬಂದ ಮೊಲವನ್ನು ಅರ್ಥ ಮಾಡಿಕೊಳ್ಳುತ್ತದೆ. ಆ ಪುಸ್ತಕದಲ್ಲಿ ನನಗೆ ಹಿಡಿಸುವುದು ಇನ್ನೊಂದು: ಅದು ಯಾರನ್ನೂ ಪಾಪ ಎನ್ನುವುದಿಲ್ಲ. ಹುಡುಗಿ ಹೊಸ ದೇಶದಲ್ಲಿ ಜಗಳವಾಡುತ್ತಾಳೆ, ಭಾಷೆ ಬರದೆ ಒದ್ದಾಡುತ್ತಾಳೆ, ಒಮ್ಮೊಮ್ಮೆ ಖುಷಿಯಾಗಿಯೂ ಇರುತ್ತಾಳೆ.

ಮರುದಿನ ನಕ್ಷೆ ಒಯ್ಯಲಿಲ್ಲ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು ಚೀಲದ ಚಿತ್ರ ಬರೆಸಿದೆ. ಇವತ್ತು ರಾತ್ರಿ ಹೊರಡಬೇಕು, ನಡೆದೇ ಹೋಗಬೇಕು, ಯಾರಿಗೂ ಹೇಳುವ ಹಾಗಿಲ್ಲ, ಚೀಲದಲ್ಲಿ ಐದೇ ವಸ್ತು ಹಿಡಿಯುತ್ತವೆ. ಏನೇನು ಇಡುತ್ತೀರಿ? ಇದಕ್ಕಿಂತ ಮುಂದೆ ಹೋಗಲಿಲ್ಲ. ಮಕ್ಕಳಲ್ಲೇ ಕೆಲವರನ್ನು ಸೈನಿಕರನ್ನಾಗಿ ಮಾಡಿ, ಕತ್ತಲೆ ಕೋಣೆಯಲ್ಲಿ ಓಡಿಸಿ, ನಿರಾಶ್ರಿತರ ಅನುಭವ ಕೊಡಿಸುವ ಚಟುವಟಿಕೆಗಳ ಬಗ್ಗೆ ಓದಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಹೆದರಿದ ಮಗುವಿಗೆ ಹೆದರಿಕೆ ಮಾತ್ರ ನೆನಪಿರುತ್ತದೆ. ಹೆದರದ ಮಗುವಿಗೆ ಅದು ಕಣ್ಣಾಮುಚ್ಚಾಲೆ.

ಚೀಲಗಳು ತುಂಬಿದವು. ಕ್ರಿಕೆಟ್ ಬ್ಯಾಟು, ಮೊಬೈಲು, ಚಾರ್ಜರು, ಬರ್ತ್‌ಡೇ ಫ್ರಾಕು, ಮೂರು ಚೀಲದಲ್ಲಿ ಕುರ್ಕುರೆ. ಒಬ್ಬ ಆಡಿನ ಮರಿ ಇಟ್ಟ. ಅದಕ್ಕೆ ಉಸಿರಾಡಲು ಎಂದು ಚೀಲಕ್ಕೆ ತೂತೂ ಬರೆದ. ಒಬ್ಬಳು ಆಧಾರ್ ಕಾರ್ಡು ಮತ್ತು ರೇಷನ್ ಕಾರ್ಡು ಬರೆದಿದ್ದಳು. ಯಾಕೆ ಎಂದೆ. "ಅದಿಲ್ದಿದ್ರೆ ಯಾರೂ ಏನೂ ಕೊಡಲ್ಲ ಅಂತ ನಮ್ಮಮ್ಮ ಹೇಳ್ತದೆ." ಅವಳ ತಾಯಿ ಕೂಲಿಗೆ ಹೋಗುವವರು, ಟಿಬೆಟನ್ನರ ಹೊಲಕ್ಕೂ ಕಳೆ ಕೀಳಲು ಹೋಗುತ್ತಾರೆ. ಕಾಗದಪತ್ರದ ಮಹತ್ವ ಆ ಮಗುವಿಗೆ ನಾನು ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ.

ಒಟ್ಟಿನಲ್ಲಿ ಅದು ಪಿಕ್ನಿಕ್ಕಿನ ಹಾಗೆ ಆಗುತ್ತಿತ್ತು ಎನ್ನುವಾಗ ಚಿಕ್ಕಮ್ಮ ರಾಗಿ ಹುರಿಹಿಟ್ಟಿನ ಡಬ್ಬಿ ತಂದಿಟ್ಟರು. ಬೆಲ್ಲ, ಹಾಲು ಹಾಕಿ ಕಲಸುತ್ತಾ, "ದೂರ ನಡೆಯೋರು ಒಲೆ ಹಚ್ಚಾಕಾಗಲ್ಲ. ಹೊಗೆ ಕಂಡ್ರೆ ಹಿಡೀತಾರೆ. ಅದಕ್ಕೆ ಇಂಥದ್ದೇ ತಗೊಂಡು ಹೋಗಾದು" ಎಂದರು. ಹಿಂದಿನ ದಿನದಿಂದ ಬಾಯಿ ಬಿಡದಿದ್ದ ಹುಡುಗಿ ಅಲ್ಲಿ ತಲೆ ಎತ್ತಿದಳು. "ನಮ್ಮ ಮೊಲಾ ದಿನಾ ಇದನ್ನೇ ತಿನ್ನೋದು. ತ್ಸಂಪಾ ಅಂತ. ಆದ್ರೆ ಬಾರ್ಲಿದು. ಉಪ್ಪು ಹಾಕಿದ ಟೀನಲ್ಲಿ ಕಲಸ್ತಾರೆ, ಬೆಣ್ಣೆ ಹಾಕಿ." ಟೀಗೆ ಉಪ್ಪಾ, ಬೆಣ್ಣೆನಾ ಎಂದು ಎಲ್ಲರೂ ಕೂಗಿದರು. ಕೈಯಲ್ಲಿ ಹೇಗೆ ಉಂಡೆ ಕಟ್ಟುತ್ತಾರೆ ಎಂದು ಅವಳು ಬೆರಳು ಆಡಿಸಿ ತೋರಿಸಿದಳು. ಪಕ್ಕದವನು ಮಾಡಿದ್ದು ಸರಿಯಿಲ್ಲ ಎಂದು ಬೈದಳು. ಮೊಲಾ ಎಂದರೆ ಅಜ್ಜಿ.

ಆಮೇಲಿನ ಮಾತು ತಾನಾಗಿ ಬಂತು. ಕೊಡಗಿನ ಕಾಫಿ ತೋಟಕ್ಕೆ ಅಸ್ಸಾಮಿನವರು ಬರುತ್ತಾರಲ್ಲ, ಅವರೂ ಇವರ ಹಾಗೇನಾ ಎಂದು ಒಬ್ಬ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಆಧಾರ್ ಕಾರ್ಡಿನ ಹುಡುಗಿ, "ಇಲ್ಲ, ಅವರು ಹಬ್ಬಕ್ಕೆ ಊರಿಗೆ ಹೋಗ್ತಾರೆ" ಎಂದಳು. ನಮ್ಮ ಮಾವ ಬೆಂಗಳೂರಲ್ಲಿದ್ದಾನೆ, ಯುಗಾದಿಗೆ ಬರುತ್ತಾನೆ ಎಂದು ಇನ್ನೊಬ್ಬ ಸೇರಿಸಿದ. ಸ್ವಲ್ಪ ಹೊತ್ತು ಚರ್ಚೆ ನಡೆದು ಅವರೇ ತೀರ್ಮಾನಕ್ಕೆ ಬಂದರು: ನಿರಾಶ್ರಿತರು ಅಂದರೆ ಹಬ್ಬಕ್ಕೆ ಊರಿಗೆ ಹೋಗೋಕಾಗದೇ ಇರೋರು.

1951ರ ವಿಶ್ವಸಂಸ್ಥೆಯ ಒಪ್ಪಂದದ ವ್ಯಾಖ್ಯೆಯನ್ನು ನಾನು ಬಾಯಿಪಾಠ ಮಾಡಿದ್ದೇನೆ. ಧರ್ಮ, ಜನಾಂಗ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಮುಂತಾದ ಕಾರಣಕ್ಕೆ ಹಿಂಸೆಯಾದೀತೆಂಬ ಸಕಾರಣ ಭಯದಿಂದ ಸ್ವದೇಶದ ಹೊರಗಿದ್ದು, ಹಿಂದಿರುಗಲಾಗದವರು. ಭಾರತ ಅದಕ್ಕೆ ಇಂದಿಗೂ ಸಹಿ ಹಾಕಿಲ್ಲ. ಮಕ್ಕಳ ವ್ಯಾಖ್ಯೆಯಲ್ಲಿ ಭಯದ ಮಾತು ಬಿಟ್ಟುಹೋಗಿತ್ತು, ಉಳಿದದ್ದು ಅಷ್ಟೂ ಇತ್ತು. "ಹೋದ್ರೆ ಏನಾಗುತ್ತೆ?" ಎಂದು ನಾನು ಕೇಳಿದೆ. "ಹಿಡಿದು ಹಾಕ್ತಾರೆ" ಎಂದ ಮೊದಲ ದಿನದ ಹುಡುಗ. ಸ್ವಲ್ಪ ಯೋಚಿಸಿ, "ತಪ್ಪು ಮಾಡ್ದೇ ಇದ್ರೂ" ಎಂದ.

ಮೂರನೇ ದಿನ ಮೊಲಾ ತಾವಾಗಿಯೇ ಬಂದರು. ಮೊಮ್ಮಗಳು ಮನೆಗೆ ಹೋಗಿ, ಎಲ್ಲರೂ ತ್ಸಂಪಾ ತಿಂದರು, ತಪ್ಪಾಗಿ ಕಲಸಿದರು ಎಂದು ದೂರು ಹೇಳಿದ್ದಳಂತೆ. ಉದ್ದನೆಯ ಚುಪಾ, ಅದರ ಮೇಲೆ ಪಟ್ಟೆ ಪಟ್ಟೆಯ ಮುಂಸೆರಗು, ಕೈಯಲ್ಲಿ ಜಪಮಾಲೆ. ಕನ್ನಡ ನಮ್ಮ ಪಿರಿಯಾಪಟ್ಟಣದ ಕನ್ನಡವೇ. ಸಂದರ್ಶನಗಳಲ್ಲಿ ನಾನು ಕೇಳುವ ಹಾಗೆ ಮಕ್ಕಳು ಯಾವ ವರ್ಷ, ಯಾವ ದಾರಿ ಎಂದು ಕೇಳಲಿಲ್ಲ. ನಿಮ್ಮ ಚೀಲದಲ್ಲಿ ಏನಿತ್ತು ಎಂದು ಕೇಳಿದರು.

ಅವರಿಗೆ ಆಗ ಐದೋ ಆರೋ ವರ್ಷ. ಚೀಲ ಅವರದ್ದಾಗಿರಲಿಲ್ಲ, ಅಪ್ಪನ ಬೆನ್ನಿನ ಮೇಲೆ ಅವರೇ ಒಂದು ಚೀಲ. ಮನೆಯ ನಾಯಿ ಹಿಂದೆಯೇ ಬಂತಂತೆ, ಎರಡು ದಿನ. ಬೊಗಳಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆಂದು ಅಪ್ಪ ಅದಕ್ಕೆ ಕಲ್ಲು ಹೊಡೆದು ಓಡಿಸಿದರು. ಅದು ಸ್ವಲ್ಪ ದೂರ ಹೋಗಿ ನಿಂತು ನೋಡಿತು. ಮತ್ತೆ ಹೊಡೆದರು.

"ನಾಯಿ ವಾಪಸ್ ಮನೆಗೆ ಹೋಯ್ತಾ ಅಜ್ಜಿ?"

ನಾನಾಗಿದ್ದರೆ ಹೌದು ಎಂದುಬಿಡುತ್ತಿದ್ದೆ. ಮೊಲಾ ಮಣಿಗಳನ್ನು ಎಣಿಸುತ್ತಾ, "ಗೊತ್ತಿಲ್ಲ ಮಗಾ. ಹೋಗಿರಬೇಕು. ದಾರಿ ಅದಕ್ಕೆ ಗೊತ್ತಿತ್ತು" ಎಂದರು.

ಮಿಸ್ಸಮಾರಿಯ ಬಿದಿರಿನ ಗುಡಿಸಲುಗಳ ಬಗ್ಗೆ ಹೇಳಿದರು. ಅಷ್ಟು ಸೆಕೆ ಇರುತ್ತದೆ ಎಂಬುದೇ ತಿಳಿಯದೆ ಚರ್ಮದ ಕೋಟು ತೊಟ್ಟೇ ಇಳಿದಿದ್ದರು. "ನನ್ನ ತಮ್ಮ ಅಲ್ಲೇ ಉಳಿದ" ಎಂದು ಹೇಳಿ ಮುಂದಿನ ಮಾತಿಗೆ ಹೋದರು. ಮಕ್ಕಳು ಏನೂ ಕೇಳಲಿಲ್ಲ. ದೊಡ್ಡ ಹುಡುಗಿಯೊಬ್ಬಳು ಮಾತ್ರ ಚಿಕ್ಕಮ್ಮನ ಮುಖ ನೋಡಿದಳು, ಅವಳಿಗೆ ಅರ್ಥವಾಗಿತ್ತು. ಅರ್ಥವಾಗದವರಿಗೆ ಬಿಡಿಸಿ ಹೇಳಲು ನಾವು ಹೋಗಲಿಲ್ಲ. ಆ ಮಾತು ಅಲ್ಲಿದೆ. ಹತ್ತು ವರ್ಷದ ಮೇಲೆ ಅವರಲ್ಲಿ ಯಾರಿಗೋ ನೆನಪಾದೀತು.

ಬೈಲಕುಪ್ಪೆಗೆ ಬಂದಾಗ ಇದೆಲ್ಲ ಕಾಡು. ಮರ ಕಡಿದು, ಬೇರು ಕಿತ್ತು, ಸುಟ್ಟು, ಮುಸುಕಿನ ಜೋಳ ಹಾಕಿದರು. ಜೋಳ ತೆನೆ ಕಟ್ಟುವಷ್ಟರಲ್ಲಿ ಆನೆ. ಮೊಲಾ ಕಲಿತ ಮೊದಲ ಕನ್ನಡ ಮಾತು 'ಆನೆ ಬಂತು'. ರಾತ್ರಿಯಿಡೀ ತಗಡಿನ ಡಬ್ಬಿ ಬಡಿಯುತ್ತಿದ್ದುದನ್ನು ಅವರು ಬೆಂಚಿನ ಮೇಲೆ ಬಡಿದು ತೋರಿಸಿದರು; ಇಪ್ಪತ್ತು ಮಕ್ಕಳೂ ಬಡಿದರು. ಪಂಚಾಯಿತಿ ಕಚೇರಿಯವರು ಬಂದು ನೋಡಿಕೊಂಡು ಹೋದರು.

ಆಧಾರ್ ಕಾರ್ಡಿನ ಹುಡುಗಿ, "ನಿಮ್ಮತ್ರ ಕಾರ್ಡ್ ಇದ್ಯಾ?" ಎಂದಳು. ಮೊಲಾ ಸೊಂಟದ ಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆದರು. ಆರ್.ಸಿ., ವಿದೇಶಿಯರೆಂಬ ನೋಂದಣಿಯ ಪತ್ರ. ಅವಧಿ ಮುಗಿದಾಗಲೆಲ್ಲ ಹೊಸದು ಮಾಡಿಸಬೇಕು. "ಗಾಡೀದಾ?" ಎಂದ ಒಬ್ಬ. ಅವರ ಮನೆಯಲ್ಲಿ ಆರ್.ಸಿ. ಇರುವುದು ಬೈಕಿಗೆ. ಮೊಲಾ ಜೋರಾಗಿ ನಕ್ಕು, "ಹೂಂ, ನಾನೇ ಹಳೇ ಗಾಡಿ" ಎಂದರು.

"ನೀವು ಯಾವಾಗ ವಾಪಸ್ ಹೋಗ್ತೀರಾ?"

ನನಗೆ ಕಸಿವಿಸಿಯಾಯಿತು. ಇದೇ ಮಾತನ್ನು ದೊಡ್ಡವರು ಬೇರೆ ದನಿಯಲ್ಲಿ ಕೇಳುವುದನ್ನು ಕೇಳಿದ್ದೇನೆ. ಮೊಲಾಗೆ ಏನೂ ಅನ್ನಿಸಿದಂತಿರಲಿಲ್ಲ. ಪ್ರತಿ ಲೋಸಾರ್ ಹಬ್ಬಕ್ಕೆ, ಮುಂದಿನ ವರ್ಷ ಊರಲ್ಲಿ ಎಂದುಕೊಳ್ಳುತ್ತೇವೆ ಎಂದರು. ಆಮೇಲೆ, "ಅಲ್ಲಿ ಕಾಫಿ ಸಿಗುತ್ತೋ ಇಲ್ವೋ" ಎಂದು ಸೇರಿಸಿದರು.

ಇಲ್ಲಿಗೆ ಮುಗಿದಿದ್ದರೆ ಇದು ನಮ್ಮ ನಾಡಿನ ಔದಾರ್ಯದ ಇನ್ನೊಂದು ಕತೆಯಾಗುತ್ತಿತ್ತು, ನಾನೂ ಸಂತೋಷದಿಂದ ಬಸ್ಸು ಹತ್ತುತ್ತಿದ್ದೆ. ಕಿಟಕಿಯ ಹತ್ತಿರ ಮೂರು ದಿನವೂ ಸುಮ್ಮನೆ ಕೂತಿದ್ದ ಒಬ್ಬ ಹುಡುಗನಿದ್ದ. ಜೇನು ಕುರುಬರ ಹಾಡಿಯಿಂದ ಬರುತ್ತಿದ್ದವನು. ಅವನ ಚೀಲದ ಹಾಳೆ ಖಾಲಿಯಾಗಿತ್ತು. ನಾನು ಚಿತ್ರ ಬರೆಯಲು ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಅವನು ಎದ್ದು ನಿಂತು, ನನ್ನನ್ನಲ್ಲ, ಮೊಲಾರನ್ನು ನೋಡುತ್ತಾ ಹೇಳಿದ:

"ನಮ್ಮಜ್ಜನೂ ಕಾಡಿಂದ ಹೊರಗೆ ಬಂದದ್ದು. ನಮ್ಮ ದೇವರು ಅಲ್ಲೇ ಒಳಗೆ ಅದೆ. ಹಬ್ಬಕ್ಕೆ ಹೋಗಬೇಕು ಅಂದ್ರೆ ಗೇಟಲ್ಲಿ ಕೇಳಬೇಕು. ಬಿಟ್ರೆ ಬಿಟ್ರು, ಇಲ್ದಿದ್ರೆ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಾವೂ ನಿರಾಶ್ರಿತರಾ ಅಕ್ಕ?" ಎಂದ. ಎರಡನೇ ದಿನದಿಂದ ನಾನು ಮಿಸ್ ಹೋಗಿ ಅಕ್ಕ ಆಗಿದ್ದೆ.

ಉತ್ತರ ನನಗೆ ಗೊತ್ತಿತ್ತು. ಗಡಿ ದಾಟದೆ ನೆಲೆ ಕಳೆದುಕೊಂಡವರನ್ನು ಕಾನೂನು ನಿರಾಶ್ರಿತರು ಎನ್ನುವುದಿಲ್ಲ, ಸ್ಥಳಾಂತರಗೊಂಡವರು ಎನ್ನುತ್ತದೆ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಒಳಗಿದ್ದ ಜೇನು ಕುರುಬರು, ಬೆಟ್ಟ ಕುರುಬರು, ಯರವರಲ್ಲಿ ಅನೇಕರು ಹೊರಗೆ ಬಂದರು, ಕೆಲವರಿಗೆ ಪುನರ್ವಸತಿ ಕಾಲೊನಿ ಸಿಕ್ಕಿತು, ಕೆಲವರು ತೋಟದ ಲೈನ್ ಮನೆ ಸೇರಿದರು. ಇಷ್ಟನ್ನು ಹೇಳಲು ಶುರುಮಾಡಿ ನಿಲ್ಲಿಸಿದೆ. ಅವರೇ ಮಾಡಿದ ವ್ಯಾಖ್ಯೆಯ ಪ್ರಕಾರ ಅವನ ಅಜ್ಜ ಅದರೊಳಗೆ ಬರುತ್ತಿದ್ದರು. ಅಲ್ಲ ಎನ್ನಲು ನನ್ನ ಹತ್ತಿರ ಇದ್ದದ್ದು ಒಂದು ಗಡಿರೇಖೆ ಮಾತ್ರ, ಮೂರು ದಿನದಿಂದ ನಾನೇ ಮಕ್ಕಳಿಗೆ ಮುಖ್ಯವಲ್ಲ ಎಂದು ಬದಿಗಿಟ್ಟಿದ್ದ ಗೆರೆ.

"ಪುಸ್ತಕದಲ್ಲಿ ನಿಮಗೆ ಬೇರೆ ಹೆಸರಿದೆ" ಎಂದೆ. "ಆದರೆ ನೀನು ಹೇಳಿದ್ದು ಸರಿ. ಹಬ್ಬಕ್ಕೆ ಹೋಗೋಕೆ ಆಗ್ತಿಲ್ಲ ಅನ್ನೋದು ಒಂದೇ." ಅವನು ತಲೆಯಾಡಿಸಿದ. ಒಪ್ಪಿದನೋ ಬಿಟ್ಟನೋ ತಿಳಿಯಲಿಲ್ಲ.

ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಒಂದು ವಾಕ್ಯವಿದೆ: ಅರಣ್ಯವನ್ನು ತೆರವುಗೊಳಿಸಿ ಸಾಗುವಳಿಗೆ ಸಿದ್ಧಪಡಿಸಲಾಯಿತು. ಮಾರ್ಗದರ್ಶಕರು ಅದರ ಮೇಲೆ ಗೆರೆ ಹಾಕಿಲ್ಲ, ನಾನೂ ಎರಡನೇ ಸಲ ನೋಡಿರಲಿಲ್ಲ. ಆ ಕಾಡಿಗೆ ಜೇನಿಗೆ, ಗೆಡ್ಡೆಗೆ, ಸೌದೆಗೆ ಯಾರು ಹೋಗುತ್ತಿದ್ದರು ಎಂದು ನಾನು ಯಾವ ಸಂದರ್ಶನದಲ್ಲೂ ಕೇಳಿಲ್ಲ.

ಮೊಲಾ ಆ ಹುಡುಗನನ್ನು ಹತ್ತಿರ ಕರೆದರು. ನಿಮ್ಮ ದೇವರ ಹೆಸರೇನು ಎಂದು ಕೇಳಿದರು. ಅವನು ಅವರಿಗೆ ಮಾತ್ರ ಕೇಳುವಂತೆ ಹೇಳಿದ. ಅವರು ಸ್ವಲ್ಪ ಹೊತ್ತು ಅವನ ಕೈ ಹಿಡಿದುಕೊಂಡು ಏನನ್ನೋ ನೆನಪಿಸಿಕೊಳ್ಳುತ್ತಿದ್ದರು. "ಆನೆ ಬರೋ ದಾರಿ ನಮ್ಮಪ್ಪಂಗೆ ತೋರಿಸಿದ್ದು ನಿಮ್ಮ ಕಡೆಯೋರೇ ಇರಬೇಕು. ಹೆಗಲ ಮೇಲೆ ಕೊಡಲಿ ಇಟ್ಕೊಂಡು ಒಬ್ರು ಬರ್ತಿದ್ರು. ಇಲ್ಲಿ ಗುಡಿಸಲು ಹಾಕಬೇಡಿ, ಇದು ಅದರ ದಾರಿ ಅಂತ ಕೈ ಮಾಡಿ ತೋರಿಸ್ತಿದ್ರ. ನಮಗೆ ಅವರ ಮಾತು ಬರ್ತಿರ್ಲಿಲ್ಲ."

ನಾನು ಪುಸ್ತಕ ತೆಗೆದು, ಯಾವ ಹಾಡಿಯವರು ಎಂದು ಕೇಳಿದೆ. ಮೊಲಾಗೆ ನೆನಪಿರಲಿಲ್ಲ. ಹೆಸರೂ ಗೊತ್ತಿರಲಿಲ್ಲ.

"ನಮ್ಮಜ್ಜನ್ನ ಕೇಳ್ತೀನಿ" ಎಂದ ಹುಡುಗ.